'ಚೊಚ್' ಅಂದ ತಕ್ಷಣ ಏಳಿ: ಬಾಸ್ಕ್ ಸೈಡರ್ ಮನೆಯಲ್ಲಿ ಒಂದು ಊಟ

ಟಿಕೆಟ್ ಮಾಡಿಸುವ ಮೊದಲು ತಿಂಗಳು ನೋಡಿ. ಸ್ಪೇನ್‌ನ ಉತ್ತರ ತುದಿಯ ಬಾಸ್ಕ್ ನಾಡಿನಲ್ಲಿ ಸೇಬಿನ ರಸ ಹುದುಗಿಸಿ ಮಾಡುವ ಸೈಡರ್‌ಗೆ 'ಸಗರ್ದೊವಾ' ಅನ್ನುತ್ತಾರೆ. ಸಗರ್ ಅಂದರೆ ಸೇಬು, ಅರ್ದೊ ಅಂದರೆ ವೈನ್. ಅದನ್ನು ದೊಡ್ಡ ಮರದ ಪೀಪಾಯಿಯಿಂದ ನೇರವಾಗಿ ಗ್ಲಾಸಿಗೆ ಹಿಡಿದು ಕುಡಿಯುವ ಕಾಲ ಜನವರಿ ಮಧ್ಯದಿಂದ ಹೆಚ್ಚೂಕಡಿಮೆ ಏಪ್ರಿಲ್ ಕೊನೆಯವರೆಗೆ ಮಾತ್ರ. ಉಳಿದದ್ದು ಬಾಟಲಿಗೆ ಹೋಗುತ್ತದೆ. ಅದನ್ನು ತಯಾರಿಸಿ ಊಟದ ಜೊತೆ ಕೊಡುವ ಸೈಡರ್ ಮನೆಗಳಲ್ಲಿ ವರ್ಷವಿಡೀ ಬಾಗಿಲು ತೆಗೆದಿರುವವೂ ಇವೆ, ಆದರೆ ಗದ್ದಲ, ಮಜಾ ಎಲ್ಲ ಆ ಮೂರೂವರೆ ತಿಂಗಳಲ್ಲೇ.

ಉಳಿದುಕೊಳ್ಳಲು ಸ್ಯಾನ್ ಸೆಬಾಸ್ಟಿಯನ್ ಸರಿ. ಅಲ್ಲಿನವರು ಅದನ್ನು ದೊನೊಸ್ತಿಯಾ ಅನ್ನುತ್ತಾರೆ. ಸೈಡರ್ ಮನೆಗಳು ಜಾಸ್ತಿ ಇರುವುದು ಪಕ್ಕದ ಅಸ್ತಿಗರ್ರಾಗ, ಎರ್ನಾನಿ ಕಡೆ, ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಕಾರು ಬೇಡ. ಇದು ಸೇಬಿನ ಜ್ಯೂಸ್ ಅಲ್ಲ, ಶೇ 6ರಷ್ಟು ಆಲ್ಕೊಹಾಲ್ ಇರುತ್ತದೆ, ರುಚಿ ಹುಳಿ ಆದ್ದರಿಂದ ಏರಿದ್ದು ಗೊತ್ತಾಗುವುದಿಲ್ಲ. ವಾಪಸ್ ಬರುವ ಬಸ್ಸು ಎಷ್ಟು ಗಂಟೆಗೆ ಅಂತ ಹೋಗುವಾಗಲೇ ನೋಡಿಟ್ಟುಕೊಳ್ಳಿ.

ಮೇಜು ಮುಂಗಡ ಕಾದಿರಿಸಲೇಬೇಕು. ಶನಿವಾರ ರಾತ್ರಿ ಗೆಳೆಯರ ದಂಡುಗಳು ತುಂಬಿರುತ್ತವೆ. ಮೊದಲ ಸಲದವರಿಗೆ ವಾರದ ಮಧ್ಯದ ಮಧ್ಯಾಹ್ನದ ಊಟವೇ ವಾಸಿ ಅಂತ ನನ್ನ ಅಭಿಪ್ರಾಯ. ಸಸ್ಯಾಹಾರಿಗಳಾದರೆ ಕಾದಿರಿಸುವಾಗಲೇ ಬಾಯಿಬಿಟ್ಟು ಕೇಳಿ, ಯಾಕೆಂದರೆ ಇಲ್ಲಿ ಮೆನು ಕಾರ್ಡ್ ಅನ್ನುವುದಕ್ಕೆ ಹೆಚ್ಚು ಅರ್ಥವಿಲ್ಲ, ಎಲ್ಲರಿಗೂ ಒಂದೇ ಊಟ: ಕಾಡ್ ಮೀನು ಹಾಕಿದ ಆಮ್ಲೆಟ್, ಹಸಿರು ಮೆಣಸಿನಕಾಯಿ ಜೊತೆ ಕರಿದ ಕಾಡ್, ಆಮೇಲೆ ಕೆಂಡದ ಮೇಲೆ ಸುಟ್ಟ 'ಚುಲೆಟಾ' ಅನ್ನುವ ದಪ್ಪ ದನದ ಮಾಂಸದ ತುಂಡು. ಕೊನೆಗೆ ಇದಿಯಸಾಬಲ್ ಎಂಬ ಕುರಿ ಹಾಲಿನ ಚೀಸ್, ಕ್ವಿನ್ಸ್ ಹಣ್ಣಿನ ಗಟ್ಟಿ ಹಲ್ವ, ಅಕ್ರೋಟು. ಮೊದಲೇ ಹೇಳದೆ ಹೋದ ಸಸ್ಯಾಹಾರಿಗೆ ಬ್ರೆಡ್, ಚೀಸ್, ಅಕ್ರೋಟೇ ಗತಿ.

ಸ್ವೆಟರ್ ತೊಡಿ. ಪೀಪಾಯಿ ಇಡುವ ಕೋಣೆ ತಣ್ಣಗಿರುತ್ತದೆ, ನೆಲ ಒದ್ದೆ. ಒಳ್ಳೆ ಶೂ ರೂಮಿನಲ್ಲೇ ಬಿಟ್ಟು ಹೋಗಿ.

ಈಗ ಅಸಲಿ ವಿಷಯ. ಊಟದ ನಡುವೆ ಯಾರೋ 'ಚೊಚ್!' ಅಂತ ಕೂಗುತ್ತಾರೆ. ಪೀಪಾಯಿಯ ಸಣ್ಣ ತೂತನ್ನು ಮುಚ್ಚುತ್ತಿದ್ದ ಕಡ್ಡಿಗೆ ಇದ್ದ ಹೆಸರು ಅದು. ಹಿಂದೆ ಸೈಡರ್ ಕೊಳ್ಳಲು ಬಂದವರು ಯಾವ ಪೀಪಾಯಿ ಬೇಕು ಅಂತ ಒಂದೊಂದನ್ನೂ ರುಚಿ ನೋಡುತ್ತಿದ್ದರು, ಹೊಟ್ಟೆಗೆ ಏನಾದರೂ ಇರಲಿ ಅಂತ ತಿನ್ನಲು ಜೊತೆಗೇ ತರುತ್ತಿದ್ದರು, ಆ ವ್ಯಾಪಾರವೇ ಈ ಊಟವಾಗಿ ಬೆಳೆಯಿತು. ಕೂಗು ಕೇಳಿದರೆ ಗ್ಲಾಸು ಹಿಡಿದು ಎದ್ದು ಸಾಲಿಗೆ ಸೇರಿ. ಬಾಯಲ್ಲಿ ತುತ್ತಿದ್ದರೆ ಕೂತಿರಿ, ಮುಂದಿನದಕ್ಕೆ ಏಳಬಹುದು. ನಲ್ಲಿಯನ್ನು ನೀವೇ ತಿರುಗಿಸಲು ಹೋಗಬೇಡಿ.

ನಲ್ಲಿ ತೆರೆದರೆ ಪೆನ್ಸಿಲ್‌ಗಿಂತ ತೆಳ್ಳಗಿನ ಧಾರೆ ಬಿಲ್ಲಿನಂತೆ ಬಾಗಿ ದೂರಕ್ಕೆ ಹಾರುತ್ತದೆ. ಗ್ಲಾಸನ್ನು ತಳದ ಹತ್ತಿರ ಹಿಡಿದು ಓರೆ ಮಾಡಿ, ಧಾರೆ ತಳಕ್ಕೆ ಬೀಳದೆ ಒಳಗಿನ ಗೋಡೆಗೆ ಬಡಿಯಬೇಕು. ಬಡಿದಾಗ ನೊರೆ ಏಳುತ್ತದೆ, ಪರಿಮಳ ಬಿಡುತ್ತದೆ. ಮುಂದಿನವರು ಗ್ಲಾಸನ್ನು ನಿಮ್ಮ ಗ್ಲಾಸಿನ ಹತ್ತಿರವೇ ತಂದು ಕಾಯುತ್ತಿರುತ್ತಾರೆ, ನೀವು ಸರಿದ ಕ್ಷಣದಲ್ಲಿ ಧಾರೆ ಅವರಿಗೆ ಸಿಗಬೇಕು, ನಡುವೆ ಯಾರೂ ನಲ್ಲಿ ನಿಲ್ಲಿಸುವುದಿಲ್ಲ. ಮೊದಲ ಸಲ ನಾನು ಗ್ಲಾಸನ್ನು ನೆಟ್ಟಗೆ ಹಿಡಿದೆ. ಅರ್ಧ ಸೈಡರ್ ಸ್ವೆಟರ್ ತೋಳಿನೊಳಗೆ! ಹಿಂದಿದ್ದ ಅಜ್ಜ ನಗುತ್ತಾ ನನ್ನ ಮಣಿಕಟ್ಟು ಹಿಡಿದು ಓರೆ ಮಾಡಿ ತೋರಿಸಿದರು.

ಎರಡು ಬೆರಳಷ್ಟು ಹಿಡಿದರೆ ಸಾಕು. ಗ್ಲಾಸು ತುಂಬಿಸುವವರನ್ನು ನೋಡಿದರೆ ಹೊಸಬರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ನೊರೆ ಇಳಿಯುವ ಮೊದಲೇ ಒಂದೇ ಸಲಕ್ಕೆ ಕುಡಿಯಿರಿ, ತಡವಾದರೆ ಸಪ್ಪೆ. ಪೀಪಾಯಿಯಿಂದ ಪೀಪಾಯಿಗೆ ರುಚಿ ಬೇರೆ: ಒಂದು ಬಾಯಿ ಒಗರಿಸುತ್ತದೆ, ಇನ್ನೊಂದು ಹಣ್ಣಿನ ಹಾಗೆ. ಯಾವುದು ಹಿಡಿಸಿತು ಅಂತ ಪಕ್ಕದವರ ಜೊತೆ ವಾದ ಮಾಡುವುದೇ ಅರ್ಧ ಖುಷಿ ಅಲ್ವಾ. ಗ್ಲಾಸು ತಾಗಿಸುವಾಗ 'ತೋಪಾ' ಅನ್ನಿ, ಹೊರಡುವಾಗ 'ಎಸ್ಕೆರ್ರಿಕ್ ಅಸ್ಕೊ', ಅಂದರೆ ಧನ್ಯವಾದ. ಬಿಲ್ಲು ತಲೆಗೆ ಸುಮಾರು 40 ಯೂರೋ ಇರಬಹುದು, ಸೈಡರ್ ಸೇರಿಸಿ.

ಹಂಗಾಮು ತಪ್ಪಿಹೋದರೂ ಬೇಜಾರಿಲ್ಲ. ಅಸ್ತಿಗರ್ರಾಗದಲ್ಲಿ ಸಗರ್ದೊಎತ್ಸೆಯಾ ಎಂಬ ಸೈಡರ್ ಮ್ಯೂಸಿಯಂ ಇದೆ, ಅಲ್ಲೇ ಸೇಬಿನ ತೋಟ, ಕೊನೆಗೆ ರುಚಿ ನೋಡುವುದೂ ಉಂಟು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋದರೆ ಸುಗ್ಗಿ. ಉದುರಿದ ಸೇಬನ್ನು ಬಗ್ಗದೆ ಎತ್ತಲು ತುದಿಗೆ ಮೊಳೆ ಹೊಡೆದ 'ಕಿಸ್ಕಿಯಾ' ಎಂಬ ಕೋಲಿದೆ, ಕೇಳಿದರೆ ನಿಮ್ಮ ಕೈಗೂ ಒಂದು ಕೊಟ್ಟಾರು.