ಮೂರು ‘ಪಿ’ ಗೊತ್ತಿತ್ತು, ಕೇಳೋದು ಗೊತ್ತಿರಲಿಲ್ಲ

ಎಂಬಿಬಿಎಸ್ ಓದುವಾಗ ಎಂಇಎನ್ ಸಿಂಡ್ರೋಮ್ (ಹಾರ್ಮೋನ್ ಗ್ರಂಥಿಗಳಲ್ಲಿ ಗಡ್ಡೆ ತರುವ, ವಂಶದಲ್ಲಿ ಹರಿಯುವ ಕಾಯಿಲೆ) ಅಂದರೆ ನನಗೆ ವೈವಾಗೆ ಬಾಯಿಪಾಠ ಮಾಡುವ ಪಟ್ಟಿ, ಅಷ್ಟೇ. ಎಂಇಎನ್ 1ಕ್ಕೆ ಮೂರು ‘ಪಿ’: ಕ್ಯಾಲ್ಸಿಯಂ ನೋಡಿಕೊಳ್ಳುವ ಕುತ್ತಿಗೆಯ ಪ್ಯಾರಾಥೈರಾಯ್ಡ್, ಮೆದುಳಿನ ಕೆಳಗಿನ ಪಿಟ್ಯುಟರಿ, ಹೊಟ್ಟೆಯೊಳಗಿನ ಪ್ಯಾಂಕ್ರಿಯಾಸ್. ಒಪ್ಪಿಸಿ ಬಂದೆ, ಮರೆತೆ.

ಹೌಸ್ ಸರ್ಜನ್ ಆಗಿದ್ದಾಗ ಒಬ್ಬರು ಕಿಡ್ನಿ ಕಲ್ಲು ಅಂತ ಮೂರನೇ ಸಲ ಅಡ್ಮಿಟ್ ಆದರು. ‘ಮನೇಲಿ ಯಾರಿಗಾದ್ರೂ ಬಿಪಿ, ಶುಗರ್ ಇದೆಯಾ?’ ಅಂತ ಕೇಳಿದೆ. ಇಲ್ಲ ಅಂದರು. ಫ್ಯಾಮಿಲಿ ಹಿಸ್ಟರಿ ಏನೂ ಇಲ್ಲ ಅಂತ ಕೇಸ್ ಶೀಟಿನಲ್ಲಿ ಗೀಚಿದೆ.

ರೌಂಡ್ಸಿಗೆ ಬಂದ ಮೇಡಂ ರಿಪೋರ್ಟ್ ನೋಡಿದರು. ರಕ್ತದ ಕ್ಯಾಲ್ಸಿಯಂ 11.9, ಜಾಸ್ತಿ. ಸ್ಟೂಲ್ ಎಳೆದುಕೊಂಡು ಕೂತು, ‘ನಿಮ್ಮ ತಂದೆಗೆ ಏನಾಗಿತ್ತು?’ ಅಂದರು.

‘ಅವ್ರಿಗೂ ಕಲ್ಲೇ ಮೇಡಂ. ಹೊಟ್ಟೆ ಹುಣ್ಣಿಗೆ ಎರಡು ಸಲ ಆಪರೇಷನ್ ಆಗಿತ್ತು.’

‘ತಂದೆಯ ಅಕ್ಕ ತಂಗಿಯರು?’

‘ಒಬ್ಬ ಅತ್ತೆಗೆ ಮಕ್ಕಳಾಗ್ಲಿಲ್ಲ. ಆದ್ರೂ ಎದೆಹಾಲು ಬರ್ತಿತ್ತಂತೆ.’

ಮೇಡಂ ನನ್ನ ಶೀಟಿನ ಹಿಂದೆಯೇ ವಂಶವೃಕ್ಷ ಬರೆದರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಕಲ್ಲು ಪ್ಯಾರಾಥೈರಾಯ್ಡಿನದು, ಹುಣ್ಣು ಪ್ಯಾಂಕ್ರಿಯಾಸಿನ ಕಡೆಯ ಗ್ಯಾಸ್ಟ್ರಿನೋಮಾದ್ದು (ಹೊಟ್ಟೆಯ ಆಸಿಡ್ ಹೆಚ್ಚಿಸುವ ಗಡ್ಡೆ), ಹಾಲು ಪಿಟ್ಯುಟರಿಯದು ಇರಬಹುದು. ನನ್ನ ಮೂರೂ ‘ಪಿ’ ಒಂದೇ ಮನೆಯಲ್ಲಿದ್ದವು! ಪ್ಯಾರಾಥೈರಾಯ್ಡಿನ ಹಾರ್ಮೋನ್ ಪಿಟಿಎಚ್ ಕೂಡ ಜಾಸ್ತಿ ಬಂತು.

ಜೀನ್‌ನ ವಿಷಯ ನನಗೆ ತಲೆಗೆ ಹತ್ತಿದ್ದು ಹೀಗೆ. 11ನೇ ಕ್ರೋಮೋಸೋಮಿನ ಎಂಇಎನ್ 1 ಜೀನ್ ಕಾವಲುಗಾರ. ಅಪ್ಪನಿಂದ ಒಬ್ಬ, ಅಮ್ಮನಿಂದ ಒಬ್ಬ. ಈ ಮನೆಯಲ್ಲಿ ಕಾಯಿಲೆ ಬಂದವರಿಗೆ ಹುಟ್ಟುವಾಗಲೇ ಒಬ್ಬ ಇಲ್ಲ. ಯಾವುದೋ ಜೀವಕೋಶದಲ್ಲಿ ಇನ್ನೊಬ್ಬನೂ ಹೋದರೆ ಅಲ್ಲಿ ಗಡ್ಡೆ. ಎಂಇಎನ್ 2 ಬೇರೆ ಕಥೆ. ಅಲ್ಲಿ 10ನೇ ಕ್ರೋಮೋಸೋಮಿನ ರೆಟ್ ಜೀನ್ ಆಫ್ ಆಗದ ಬೋರ್‌ವೆಲ್ ಮೋಟಾರಿನ ಹಾಗೆ. ಒಂದು ಪ್ರತಿ ಕೆಟ್ಟರೆ ಸಾಕು. ಥೈರಾಯ್ಡಿನ ಮೆಡುಲರಿ ಕ್ಯಾನ್ಸರ್ ಹೆಚ್ಚುಕಮ್ಮಿ ಖಚಿತ, ಅದಕ್ಕೇ ಗಡ್ಡೆ ಕಾಣುವ ಮೊದಲೇ ಮಕ್ಕಳ ಥೈರಾಯ್ಡ್ ತೆಗೆಯುತ್ತಾರೆ. ಅದರ ಉಗ್ರ ರೂಪ 2ಬಿ ಆದರೆ ಮಗುವಿಗೆ ವರ್ಷ ತುಂಬುವುದರೊಳಗೇ.

ಜೂನಿಯರ್‌ಗಳಿಗೆ ಒಂದು ಮಾತು ಮಾತ್ರ ಗದರಿಸಿಯೇ ಹೇಳುತ್ತೇನೆ: ಎಂಇಎನ್ 2 ಇದ್ದರೆ ಥೈರಾಯ್ಡಿಗೆ ಕತ್ತಿ ಹಾಕುವ ಮೊದಲು ಫಿಯೋಕ್ರೋಮೋಸೈಟೋಮಾ (ಬಿಪಿ ಏರಿಸುವ ಅಡ್ರಿನಲ್ ಗ್ರಂಥಿಯ ಗಡ್ಡೆ) ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಇದ್ದರೆ ಅದರ ಆಪರೇಷನ್ನೇ ಮೊದಲು, ಅದಕ್ಕೂ ಮುಂಚೆ ಬಿಪಿ ಇಳಿಸುವ ಆಲ್ಫಾ ಬ್ಲಾಕರ್ ಔಷಧಿ. ಬೀಟಾ ಬ್ಲಾಕರ್ ಆಮೇಲೆ. ಇಲ್ಲದಿದ್ದರೆ ಟೇಬಲ್ ಮೇಲೇ ಬಿಪಿ ಗಗನಕ್ಕೇರುತ್ತೆ.

ಈಗ ನಾನು ಬಿಪಿ, ಶುಗರ್‌ಗೆ ನಿಲ್ಲಿಸಲ್ಲ. ‘ಕುತ್ತಿಗೆ ಆಪರೇಷನ್ ಯಾರಿಗಾದ್ರೂ ಆಗಿತ್ತಾ? ಚಿಕ್ಕ ವಯಸ್ಸಲ್ಲಿ ದಿಢೀರನೆ ಹೋದವರಿದ್ದಾರಾ?’ ಅಂತಲೂ ಕೇಳುತ್ತೇನೆ.

ಆ ರೋಗಿ ಡಿಸ್ಚಾರ್ಜ್ ದಿನ, ‘ನನ್ನ ಮಕ್ಕಳಿಗೂ ಬರುತ್ತಾ?’ ಅಂತ ಕೇಳಿದರು. ಒಬ್ಬೊಬ್ಬರಿಗೂ ಅರ್ಧಕ್ಕರ್ಧ ಸಾಧ್ಯತೆ ಅಂದರು ಮೇಡಂ. ಮುಂದಿನ ಸೋಮವಾರ ಇಬ್ಬರನ್ನೂ ಕರೆದುಕೊಂಡು ಓಪಿಡಿ ಕ್ಯೂನಲ್ಲಿ ನಿಂತಿದ್ದರು.