ದೊಡ್ಡ ಬ್ಲಾಗ್ ಹೊಸ ಸರ್ವರ್‌ಗೆ: ಫೈಲ್ ಅರ್ಧಕ್ಕೆ ನಿಲ್ಲದಂತೆ ಸಾಗಿಸುವುದು ಹೇಗೆ?

ಬ್ಲಾಗ್‌ನ ಎಕ್ಸ್‌ಪೋರ್ಟ್ ಫೈಲ್ (ಬರಹಗಳನ್ನೆಲ್ಲಾ ಒಟ್ಟಿಗೆ ಕೊಡುವ ಎಕ್ಸ್‌ಎಂಎಲ್ ಫೈಲ್) ಡೌನ್‌ಲೋಡ್ ಆದ ಕೂಡಲೇ ಎಲ್ಲಾ ಕೈಗೆ ಬಂತು ಅಂದುಕೊಂಡು ಹಳೆ ಹೋಸ್ಟಿಂಗ್ ರದ್ದು ಮಾಡಿಬಿಡುವವರನ್ನು ತುಂಬಾ ನೋಡಿದ್ದೇನೆ. ಆಮೇಲೆ ಫೋನ್ ಬರುತ್ತದೆ: ಬರಹ ಇದೆ, ಫೋಟೊ ಒಂದೂ ಇಲ್ಲ. ಕೆಲವರಿಗೆ ಬರಹವೂ ಅರ್ಧವೇ ಬಂದಿರುತ್ತದೆ. ಹತ್ತು ಹದಿನೈದು ವರ್ಷ ಬರೆದ ಬ್ಲಾಗ್‌ನಲ್ಲಿ ಏನೇನೋ ಇರುತ್ತದೆ, ಅಲ್ವಾ? ಹಳೆ ಕಡಲೆಕಾಯಿ ಪರಿಷೆಯ ಫೋಟೊ, ಈಗ ಮುಚ್ಚಿರುವ ಹೋಟೆಲ್‌ಗಳ ಕತೆ, 2011ರಲ್ಲಿ ಮೆಟ್ರೊ ಶುರುವಾಗುವ ಮುಂಚಿನ ಬೆಂಗಳೂರಿನ ಎಂ.ಜಿ. ರಸ್ತೆಯ ಚಿತ್ರ. ಅವನ್ನು ಮತ್ತೆ ತೆಗೆಯಲು ಆಗುವುದಿಲ್ಲ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಬರಹವನ್ನೂ ಚಿತ್ರಗಳನ್ನೂ ಬೇರೆ ಬೇರೆಯಾಗಿ ಸಾಗಿಸಿ, ದೊಡ್ಡ ಫೈಲನ್ನು ಬ್ರೌಸರ್ ಮೂಲಕ ತುರುಕಲು ಹೋಗಬೇಡಿ.

1. ಯಾವ ದಾರಿ ಅಂತ ತೀರ್ಮಾನಿಸಿ

ಹಳೆಯದೂ ವರ್ಡ್‌ಪ್ರೆಸ್, ಹೊಸದೂ ವರ್ಡ್‌ಪ್ರೆಸ್, ಎರಡೂ ಸರ್ವರ್ ನಿಮ್ಮ ಕೈಯಲ್ಲೇ ಇವೆ ಅಂದರೆ ಎಕ್ಸ್‌ಎಂಎಲ್ ಫೈಲಿನ ಗೊಡವೆಯೇ ಬೇಡ. ಡೇಟಾಬೇಸ್ ಡಂಪ್ (ಬರಹಗಳಿರುವ ಡೇಟಾಬೇಸ್‌ನ ಪೂರ್ತಿ ನಕಲು) ತೆಗೆದು, ಫೈಲ್‌ಗಳನ್ನು ನಕಲು ಮಾಡಿ. ಎಕ್ಸ್‌ಎಂಎಲ್ ಬೇಕಾಗುವುದು ವರ್ಡ್‌ಪ್ರೆಸ್ ಡಾಟ್ ಕಾಮ್ ಅಥವಾ ಬ್ಲಾಗರ್ ಬಿಟ್ಟು ಹೊರಗೆ ಬರುವಾಗ, ಇಲ್ಲವೇ ಎರಡು ಬ್ಲಾಗ್‌ಗಳನ್ನು ಒಂದು ಮಾಡುವಾಗ.

ಡಂಪ್ ತೆಗೆಯುವಾಗ ಅಕ್ಷರ ಸಂಕೇತ ಯುಟಿಎಫ್8ಎಂಬಿ4 (utf8mb4) ಅಂತ ಸ್ಪಷ್ಟವಾಗಿ ಕೊಡಿ. ಹಳೆ ಟೇಬಲ್‌ಗಳು ಲ್ಯಾಟಿನ್1 ಎಂಬ ಹಳೆ ಸಂಕೇತದಲ್ಲಿ ಇದ್ದರೆ ಡಂಪನ್ನು ಮೊದಲು ಒಂದು ಪ್ರಯೋಗದ ಡೇಟಾಬೇಸ್‌ಗೆ ಹಾಕಿ ನೋಡಿ. ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು ಕಂಡರೆ ಅಲ್ಲೇ ನಿಲ್ಲಿಸಿ, ಮುಂದಕ್ಕೆ ಹೋಗಬೇಡಿ.

2. ಎಕ್ಸ್‌ಪೋರ್ಟ್ ಮಾಡಿ, ಬಾಲ ನೋಡಿ

ವರ್ಡ್‌ಪ್ರೆಸ್‌ನಲ್ಲಿ ಟೂಲ್ಸ್ ಒಳಗೆ ಎಕ್ಸ್‌ಪೋರ್ಟ್ ಇದೆ, ಒತ್ತಿದರೆ ಆಯಿತು. ಆದರೆ ದೊಡ್ಡ ಬ್ಲಾಗ್‌ಗಳಲ್ಲಿ ಸರ್ವರ್ ಮಧ್ಯದಲ್ಲೇ ಸುಸ್ತಾಗಿ ಫೈಲನ್ನು ಕತ್ತರಿಸಿ ಕೊಡುತ್ತದೆ. ಬ್ರೌಸರ್ ಮಾತ್ರ ಡೌನ್‌ಲೋಡ್ ಪೂರ್ತಿಯಾಯಿತು ಅಂತಲೇ ತೋರಿಸಬಹುದು. ಆದ್ದರಿಂದ ಫೈಲಿನ ಕೊನೆಯ ಸಾಲು ನೋಡಿ. ಅಲ್ಲಿ ಆರ್‌ಎಸ್‌ಎಸ್ ಟ್ಯಾಗ್ ಮುಚ್ಚಿರಬೇಕು, ಅಂದರೆ </rss> ಅಂತ ಇರಬೇಕು. ಮುಚ್ಚಿಲ್ಲ ಅಂದರೆ ಫೈಲ್ ಅರ್ಧದ್ದು. ಆಮೇಲೆ ಐಟಂ ಟ್ಯಾಗ್‌ಗಳು (<item>) ಎಷ್ಟಿವೆ ಎಣಿಸಿ, ಡ್ಯಾಶ್‌ಬೋರ್ಡ್‌ನಲ್ಲಿ ಕಾಣುವ ಬರಹ, ಪುಟ ಮತ್ತು ಮೀಡಿಯಾ ಲೆಕ್ಕದ ಜತೆ ಹೋಲಿಸಿ. ಮೆನುವಿನಂಥವೂ ಐಟಂ ಆಗಿ ಬರುವುದರಿಂದ ಲೆಕ್ಕ ಸ್ವಲ್ಪ ಜಾಸ್ತಿ ಬಂದರೆ ಗಾಬರಿ ಬೇಡ. ಕಡಿಮೆ ಬಂದರೆ ಮಾತ್ರ ಚಿಂತೆ ಮಾಡಬೇಕು.

ಈ ಫೈಲನ್ನು ವರ್ಡ್‌ನಲ್ಲಾಗಲಿ ಹಳೆ ನೋಟ್‌ಪ್ಯಾಡ್‌ನಲ್ಲಾಗಲಿ ತೆರೆದು ಸೇವ್ ಮಾಡಬೇಡಿ. ಕನ್ನಡ ಗೊತ್ತಿಲ್ಲದ ಆನ್ಸಿ (ANSI) ಸಂಕೇತದಲ್ಲಿ ಸೇವ್ ಆದರೆ ಕನ್ನಡವೆಲ್ಲಾ ಪ್ರಶ್ನೆ ಚಿಹ್ನೆಗಳಾಗುತ್ತದೆ, ಅದನ್ನು ವಾಪಸ್ ತರಲು ದಾರಿಯಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಅಥವಾ ವಿಎಸ್ ಕೋಡ್ ಬಳಸಿ, ಅದೂ ಮೂಲ ಫೈಲಿನ ನಕಲಿನ ಮೇಲೆ.

3. ಇಂಪೋರ್ಟ್: ಎಲ್ಲರೂ ಎಡವುವ ಜಾಗ

ಕನ್ನಡದ ಒಂದೊಂದು ಯುನಿಕೋಡ್ ಅಕ್ಷರಕ್ಕೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಕಣ್ಣಿಗೆ ಒಂದೇ ಅಕ್ಷರದಂತೆ ಕಾಣುವ 'ಕ್ಷ' ಒಳಗೆ ಮೂರು ಸಂಕೇತ, ಅಂದರೆ 9 ಬೈಟ್. ಹಾಗಾಗಿ ಅಷ್ಟೇ ಬರಹವಿರುವ ಇಂಗ್ಲಿಷ್ ಬ್ಲಾಗ್‌ಗಿಂತ ನಮ್ಮ ಫೈಲ್ ದಪ್ಪ ಇರುತ್ತದೆ.

ಇನ್ನೊಂದು ಕಡೆ ಪಿಎಚ್‌ಪಿಯ (ವರ್ಡ್‌ಪ್ರೆಸ್ ಓಡುವ ಭಾಷೆ) ಮೂಲ ಮಿತಿಗಳು ತೀರಾ ಚಿಕ್ಕವು. ಅಪ್‌ಲೋಡ್ ಮಾಡುವ ಫೈಲಿಗೆ 2 ಎಂಬಿ, ಒಂದು ಸಲಕ್ಕೆ ಸರ್ವರ್‌ಗೆ ಕಳಿಸುವ ಒಟ್ಟು ಡೇಟಾಗೆ (ಇದೇ ಪೋಸ್ಟ್ ಮಿತಿ) 8 ಎಂಬಿ, ಓಡುವ ಸಮಯಕ್ಕೆ 30 ಸೆಕೆಂಡ್. ಹೋಸ್ಟಿಂಗ್‌ನವರು ಇವನ್ನು ಸ್ವಲ್ಪ ಏರಿಸಿರುತ್ತಾರೆ, ಆದರೂ ಸಾಲುವುದಿಲ್ಲ. ಜನ ಏನು ಮಾಡುತ್ತಾರೆ ಅಂದರೆ ಅಪ್‌ಲೋಡ್ ಮಿತಿಯೊಂದನ್ನೇ ಏರಿಸಿ ಕೂರುತ್ತಾರೆ. ಪೋಸ್ಟ್ ಮಿತಿ ಅದಕ್ಕಿಂತ ಜಾಸ್ತಿ ಇರಬೇಕು. ವೆಬ್ ಸರ್ವರ್ ಸಾಫ್ಟ್‌ವೇರ್ ಎಂಜಿನ್‌ಎಕ್ಸ್ (nginx) ಆಗಿದ್ದರೆ ಅದರದೇ ಇನ್ನೊಂದು ಮಿತಿ ಇದೆ, ಮೂಲದಲ್ಲಿ 1 ಎಂಬಿ. 413 ಅನ್ನುವ ಎರರ್ ಬಂದರೆ ಪಿಎಚ್‌ಪಿಯನ್ನು ಬಿಟ್ಟು ಅಲ್ಲಿ ನೋಡಿ. ಇಷ್ಟೆಲ್ಲಾ ಮಾಡಿದ ಮೇಲೂ ಸಮಯದ ಮಿತಿ ಮುಗಿದು ಬಿಳಿ ಪುಟ ಬರಬಹುದು. ಯಾಕೆಂದರೆ ಇಂಪೋರ್ಟರ್ ಬರಹ ಹಾಕುವುದರ ಜತೆಗೆ ಹಳೆ ತಾಣದಿಂದ ಒಂದೊಂದೇ ಚಿತ್ರ ಎಳೆದುಕೊಂಡು, ಪ್ರತಿಯೊಂದಕ್ಕೂ ಹಲವು ಸೈಜ್‌ಗಳನ್ನು ತಯಾರಿಸುತ್ತಾ ಕೂತಿರುತ್ತದೆ.

ಆದ್ದರಿಂದ ಬ್ರೌಸರ್ ಬಿಡಿ, ಎಸ್‌ಎಸ್‌ಎಚ್ (ದೂರದಿಂದಲೇ ಸರ್ವರ್‌ನೊಳಗೆ ಹೋಗಿ ಕಮಾಂಡ್ ಕೊಡುವ ದಾರಿ) ಇರುವ ಹೋಸ್ಟಿಂಗ್ ತಗೊಳ್ಳಿ. ಸ್ವಲ್ಪ ದುಬಾರಿಯಾದರೂ ಅದನ್ನೇ ತಗೊಳ್ಳಿ ಅನ್ನುತ್ತೇನೆ. ಡಬ್ಲ್ಯುಪಿ-ಸಿಎಲ್‌ಐ ಎಂಬ ಉಚಿತ ಸಾಧನದಿಂದ ಕಮಾಂಡ್ ಲೈನ್‌ನಲ್ಲೇ ಇಂಪೋರ್ಟ್ ಮಾಡಬಹುದು. ಅಲ್ಲಿ ಪಿಎಚ್‌ಪಿಗೆ ಸಮಯದ ಮಿತಿಯೇ ಇಲ್ಲ, ಅಪ್‌ಲೋಡ್ ಮಿತಿಯೂ ಅಡ್ಡ ಬರುವುದಿಲ್ಲ. ಅದರಲ್ಲೇ ಎಕ್ಸ್‌ಪೋರ್ಟ್ ಮಾಡಿದರೆ ಫೈಲನ್ನು ತಾನೇ ಸುಮಾರು 15 ಎಂಬಿಯ ತುಂಡುಗಳಾಗಿ ಮಾಡಿಕೊಡುತ್ತದೆ. ಇದನ್ನು ಸರ್ವರ್‌ನಲ್ಲಿ ಸ್ಕ್ರೀನ್ (screen) ಅಥವಾ ಟಿಮಕ್ಸ್ (tmux) ಎಂಬ ಪ್ರೋಗ್ರಾಂ ಒಳಗೆ ಓಡಿಸಿ. ಮಳೆಗಾಲದ ಸಂಜೆ ಕರೆಂಟ್ ಹೋಗಿ ಮನೆ ವೈಫೈ ಸತ್ತರೂ ಸರ್ವರ್‌ನಲ್ಲಿ ಕೆಲಸ ನಡೆಯುತ್ತಿರುತ್ತದೆ.

ಎಸ್‌ಎಸ್‌ಎಚ್ ಇಲ್ಲವೇ ಇಲ್ಲ ಅಂದರೆ, ಎಕ್ಸ್‌ಪೋರ್ಟ್ ಮಾಡುವಾಗಲೇ ವರ್ಷ ವರ್ಷಕ್ಕೆ ಬೇರೆ ಫೈಲ್ ಮಾಡಿಕೊಳ್ಳಿ. ದೊಡ್ಡ ಫೈಲನ್ನು ಕೈಯಲ್ಲಿ ಮಧ್ಯಕ್ಕೆ ಕತ್ತರಿಸಬೇಡಿ. ಪ್ರತಿ ತುಂಡಿಗೂ ಮೇಲಿನ ತಲೆಭಾಗ, ಮುಚ್ಚುವ ಟ್ಯಾಗ್ ಎರಡೂ ಬೇಕು, ಒಂದು ತಪ್ಪಿದರೂ ಓದುವುದಿಲ್ಲ. ಹೀಗೆ ತುಂಡು ಮಾಡಿ ತಂದಾಗ ಫೀಚರ್ಡ್ ಇಮೇಜ್‌ಗಳು (ಬರಹದ ಮುಖ್ಯ ಚಿತ್ರಗಳು) ತಪ್ಪಿಹೋಗಬಹುದು, ಯಾಕೆಂದರೆ ಬರಹ ಒಂದು ತುಂಡಿನಲ್ಲಿ, ಅದರ ಚಿತ್ರ ಇನ್ನೊಂದರಲ್ಲಿ ಇರುತ್ತದೆ. ಮುಗಿದ ಮೇಲೆ ಅವನ್ನೊಮ್ಮೆ ನೋಡಿ.

ಮಧ್ಯದಲ್ಲಿ ನಿಂತುಹೋದರೆ ಎಲ್ಲವನ್ನೂ ಅಳಿಸಿ ಮೊದಲಿಂದ ಶುರು ಮಾಡುವುದು ಬೇಡ. ಅದೇ ಫೈಲನ್ನು ಮತ್ತೆ ಓಡಿಸಿ. ಅದೇ ತಲೆಬರಹ, ಅದೇ ದಿನಾಂಕದ ಬರಹ ಆಗಲೇ ಇದ್ದರೆ ಇಂಪೋರ್ಟರ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಪ್ರತಿ ಸಲ ಒಂದೇ ಸಾಲಿನಲ್ಲಿ ಎಕ್ಸ್‌ಎಂಎಲ್ ಎರರ್ ಬರುತ್ತಿದೆಯಾ? ಯಾವುದೋ ಕಾಲದಲ್ಲಿ ವರ್ಡ್‌ನಿಂದ ಪೇಸ್ಟ್ ಮಾಡಿದ ಬರಹದಲ್ಲಿ ಕಣ್ಣಿಗೆ ಕಾಣದ ಕಂಟ್ರೋಲ್ ಅಕ್ಷರ ಸೇರಿಕೊಂಡಿರುತ್ತದೆ. ಎರರ್ ಹೇಳಿದ ಸಾಲಿಗೆ ಹೋಗಿ ಅದನ್ನು ತೆಗೆಯಿರಿ. ಹಳೆ ನುಡಿ ಫಾಂಟ್‌ನಲ್ಲಿ, ಯುನಿಕೋಡ್ ಅಲ್ಲದೆ ಬರೆದ ಬರಹಗಳಿದ್ದರೆ ಅವನ್ನು ಬದಲಿಸುವ ಕೆಲಸವನ್ನು ಇದರ ಜತೆ ಬೆರೆಸಬೇಡಿ. ಮೊದಲು ಎಲ್ಲಾ ಬರಲಿ.

'ಒಂದೇ ಕ್ಲಿಕ್' ಅನ್ನುವ ಉಚಿತ ಪ್ಲಗಿನ್‌ಗಳ ಬಗ್ಗೆಯೂ ಹೇಳಬೇಕು. ಕೆಲವು ಎಕ್ಸ್‌ಪೋರ್ಟ್ ಪೂರ್ತಿ ಮಾಡಿಕೊಡುತ್ತವೆ, ವಾಪಸ್ ಹಾಕಲು ಹೋದಾಗ ಸೈಜ್ ಜಾಸ್ತಿಯಾಯಿತು, ದುಡ್ಡು ಕೊಡಿ ಅನ್ನುತ್ತವೆ. ಫೈಲ್ ಅವರದೇ ರೂಪದಲ್ಲಿ ಇರುವುದರಿಂದ ಬೇರೆ ಸಾಧನದಲ್ಲಿ ಸುಲಭವಾಗಿ ತೆರೆಯಲು ಬರುವುದಿಲ್ಲ. ನನ್ನನ್ನು ಕೇಳಿದರೆ ಬೇಡ.

4. ಚಿತ್ರಗಳು

ಎಕ್ಸ್‌ಎಂಎಲ್ ಫೈಲಿನಲ್ಲಿ ಚಿತ್ರಗಳಿರುವುದಿಲ್ಲ, ಅವುಗಳ ವಿಳಾಸ ಮಾತ್ರ ಇರುತ್ತದೆ. ಹಳೆ ತಾಣ ಮುಚ್ಚಿದ ಕ್ಷಣ ಆ ವಿಳಾಸಕ್ಕೆ ಬೆಲೆಯಿಲ್ಲ. ಚಿತ್ರಗಳು ಹೊಸ ಸರ್ವರ್‌ನಿಂದಲೇ ಬರುತ್ತಿವೆ ಎಂದು ಖಾತ್ರಿಯಾಗುವ ತನಕ ಹಳೆಯದಕ್ಕೆ ಬಾಡಿಗೆ ಕಟ್ಟುತ್ತಿರಿ.

ಚಿತ್ರಗಳಿರುವ ಅಪ್‌ಲೋಡ್ಸ್ ಫೋಲ್ಡರನ್ನು ಆರ್‌ಸಿಂಕ್ (rsync) ಎಂಬ ನಕಲು ಸಾಧನ ಬಳಸಿ ಸರ್ವರ್‌ನಿಂದ ಸರ್ವರ್‌ಗೆ ನೇರ ಕಳಿಸಿ. ಮಧ್ಯದಲ್ಲಿ ನಿಂತರೂ ಆಗಲೇ ಹೋದ ಫೈಲ್‌ಗಳನ್ನು ಬಿಟ್ಟು ಮುಂದಿನದರಿಂದ ಶುರು ಮಾಡುತ್ತದೆ. ಮನೆ ಲ್ಯಾಪ್‌ಟಾಪ್‌ಗೆ ಇಳಿಸಿ ಮತ್ತೆ ಏರಿಸುವುದು ಸುಮ್ನೆ ಎರಡು ಸಲದ ಕೆಲಸ. ಬ್ಯಾಕಪ್ ಪ್ರತಿ ಒಂದು ಮನೆಯಲ್ಲಿ ಇರಲೇಬೇಕು, ಅದು ಬೇರೆ ಮಾತು. ಅದಕ್ಕೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಬಿಲ್ ಸಮೇತ ಒಳ್ಳೆ ಹಾರ್ಡ್ ಡಿಸ್ಕ್ ತಗೊಳ್ಳಿ. ಫ್ಯಾಟ್32 (FAT32) ಎಂದು ಫಾರ್ಮ್ಯಾಟ್ ಆಗಿರುವ ಪೆನ್‌ಡ್ರೈವ್‌ಗೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ.

5. ಹೊಸ ಡೊಮೇನ್ ಆದರೆ

ಡಂಪ್ ಫೈಲನ್ನು ಎಡಿಟರ್‌ನಲ್ಲಿ ತೆರೆದು ಹಳೆ ಹೆಸರಿನ ಜಾಗಕ್ಕೆ ಹೊಸದನ್ನು ಹಾಕಬೇಡಿ. ವರ್ಡ್‌ಪ್ರೆಸ್ ಎಷ್ಟೋ ಸೆಟ್ಟಿಂಗ್‌ಗಳನ್ನು ಅಕ್ಷರಗಳ ಉದ್ದದ ಸಮೇತ ಬರೆದಿಡುತ್ತದೆ. ಚೆಕ್‌ನಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿರುತ್ತಾರಲ್ಲ, ಹಾಗೆ. ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟರೆ ಪಾಸ್ ಆಗುವುದಿಲ್ಲ. ಡಬ್ಲ್ಯುಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಎರಡನ್ನೂ ಸರಿಮಾಡುತ್ತದೆ. ಮೊದಲು ಡ್ರೈ ರನ್ (ಏನನ್ನೂ ಬದಲಿಸದ ಪರೀಕ್ಷೆ), ಆಮೇಲೆ ನಿಜವಾದದ್ದು.

6. ಹಳೆ ಲಿಂಕ್‌ಗಳು

ಪರ್ಮಾಲಿಂಕ್ (ಬರಹದ ವಿಳಾಸದ ರೂಪ) ಸೆಟ್ಟಿಂಗ್ ಹಳೆ ತಾಣದಲ್ಲಿದ್ದ ಹಾಗೇ ಇಡಿ. ಕನ್ನಡ ತಲೆಬರಹಗಳಲ್ಲಿ ಇನ್ನೊಂದು ತೊಡಕಿದೆ. ವರ್ಡ್‌ಪ್ರೆಸ್ ಸ್ಲಗ್‌ಗೆ, ಅಂದರೆ ವಿಳಾಸದಲ್ಲಿ ತಲೆಬರಹದಿಂದ ಬರುವ ಭಾಗಕ್ಕೆ, 200 ಅಕ್ಷರಗಳ ಜಾಗ, ಕನ್ನಡದ ಒಂದು ಸಂಕೇತದ 3 ಬೈಟ್‌ಗಳಲ್ಲಿ ಪ್ರತಿಯೊಂದನ್ನೂ % ಸೇರಿ 3 ಅಕ್ಷರವಾಗಿ ಬರೆಯುವುದರಿಂದ ಅದು ಅಲ್ಲಿ 9 ಅಕ್ಷರ ತಿನ್ನುತ್ತದೆ. 'ಬೆಂಗಳೂರು' ಎಂಬ ಒಂದೇ ಪದಕ್ಕೆ 72 ಹೋಯಿತು. ಉದ್ದದ ತಲೆಬರಹಗಳ ಸ್ಲಗ್ ಮಧ್ಯಕ್ಕೆ ತುಂಡಾಗಿರುತ್ತದೆ. ಆ ತುಂಡು ಸ್ಲಗ್ಗೇ ನಿಮ್ಮ ಹಳೆ ವಿಳಾಸ, ನೋಡಲು ಚೆನ್ನಾಗಿಲ್ಲ ಅಂತ ಈಗ ತಿದ್ದಬೇಡಿ.

ಬ್ಲಾಗರ್‌ನಿಂದ ಬರುವವರಿಗೆ ಕೆಲಸ ಜಾಸ್ತಿ. ಅಲ್ಲಿ ಕನ್ನಡ ತಲೆಬರಹ ಕೊಟ್ಟರೆ ವಿಳಾಸದಲ್ಲಿ ಬರೀ 'ಬ್ಲಾಗ್-ಪೋಸ್ಟ್' ಮತ್ತು ಒಂದು ಸಂಖ್ಯೆ ಬಂದಿರುತ್ತದೆ. ಹೊಸ ತಾಣದಲ್ಲಿ ಅದು ತಾನಾಗಿ ಹೊಂದುವುದಿಲ್ಲ. ಬ್ಲಾಗರ್ ಇಂಪೋರ್ಟರ್ ಹಳೆ ವಿಳಾಸವನ್ನು ಪ್ರತಿ ಬರಹದ ಜತೆ ಕಸ್ಟಮ್ ಫೀಲ್ಡ್ ಆಗಿ ಇಟ್ಟಿರುತ್ತದೆ, ಅದನ್ನು ಹಿಡಿದು 301 ರೀಡೈರೆಕ್ಟ್ (ಹಳೆ ವಿಳಾಸದಿಂದ ಹೊಸದಕ್ಕೆ ಕಳಿಸುವ) ಪಟ್ಟಿ ಮಾಡಿಕೊಳ್ಳಿ. ಸ್ವಂತ ಡೊಮೇನ್ ಇದ್ದರೆ ಈ ಪಟ್ಟಿ ಹೊಸ ಸರ್ವರ್‌ನಲ್ಲೇ ನೇರ ಕೆಲಸ ಮಾಡುತ್ತದೆ. ಮೊದಲ ಕೆಲವು ವಾರ ಸರ್ವರ್ ಲಾಗ್‌ನಲ್ಲಿ 404 (ಪುಟ ಸಿಗಲಿಲ್ಲ) ಬಂದ ವಿಳಾಸಗಳನ್ನು ದಿನಾ ನೋಡಿ, ಒಂದೊಂದನ್ನೇ ಆ ಪಟ್ಟಿಗೆ ಸೇರಿಸುತ್ತಾ ಹೋಗಿ.