ಹಗುರ ಪುಸ್ತಕ ಬೇಕೆಂದರೆ ಮುಖಪುಟವನ್ನು ಕೊನೆಗೆ ನೋಡುತ್ತೇನೆ

ಗುಲಾಬಿಯೋ ಹಳದಿಯೋ ಒಂದು ಹಿನ್ನೆಲೆ, ಅದರ ಮೇಲೆ ಕಣ್ಣು ಮೂಗಿಲ್ಲದ ಕಾರ್ಟೂನ್ ಹುಡುಗಿ, ಪಕ್ಕದಲ್ಲಿ ಕಾಫಿ ಕಪ್ಪು ಇಲ್ಲವೇ ಸೂಟ್‌ಕೇಸು. ಈಗಿನ ಹೆಣ್ಣುಮಕ್ಕಳ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಬರುವ ಕಾದಂಬರಿಗಳು ಅಂಗಡಿಯ ಕಪಾಟಿನಲ್ಲಿ ಸಾಲಾಗಿ ಇದೇ ವೇಷದಲ್ಲಿ ನಿಂತಿರುತ್ತವೆ. ಒಳಗೆ ಮದುವೆಮನೆಯ ಗಲಾಟೆ ಇರಬಹುದು, ಆಸ್ಪತ್ರೆಯ ವಾರ್ಡ್ ಇರಬಹುದು, ಮಲಗುವ ಕೋಣೆಯ ಬಾಗಿಲನ್ನೇ ಹಾಕದ ದೃಶ್ಯಗಳೂ ಇರಬಹುದು. ಮುಖಪುಟ ಬರೆದವರ ಕೈಯಲ್ಲಿರುವುದಲ್ಲ, ಮಾರುವವರ ಕೈಯಲ್ಲಿರುವುದು. ಹಾಗಾಗಿ ಆಯ್ಕೆಯನ್ನು ನಾನು ಅಲ್ಲಿಂದ ಶುರು ಮಾಡುವುದಿಲ್ಲ.

ಹಗುರ ಅಂದರೆ ಕಷ್ಟವೇ ಇಲ್ಲದ ಕಥೆ ಅಂತಲ್ಲ. ಕೆಲಸ ಹೋಗುತ್ತದೆ, ನಿಶ್ಚಿತಾರ್ಥ ಮುರಿಯುತ್ತದೆ, ಕ್ರೆಡಿಟ್ ಕಾರ್ಡಿನ ಸಾಲ ಕತ್ತಿನವರೆಗೆ ಬರುತ್ತದೆ. ಇವಿಲ್ಲದಿದ್ದರೆ ಕಾದಂಬರಿಯೇ ನಡೆಯದು. ನೋಡಬೇಕಾದದ್ದು ಕಥೆ ಹೇಳುವವಳು ಎಲ್ಲಿ ನಿಂತು ಹೇಳುತ್ತಿದ್ದಾಳೆ ಅನ್ನುವುದನ್ನು. ತನ್ನ ಪೇಚಾಟವನ್ನು ತಾನೇ ಅರ್ಧ ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದರೆ ಪುಸ್ತಕ ಹಗುರ. ಪೇಚಾಟದೊಳಗೇ ಮುಳುಗಿದ್ದರೆ ಎಷ್ಟು ಜೋಕು ತುರುಕಿದರೂ ಭಾರ.

ಮುಖಪುಟಕ್ಕೂ ಒಳಗಿನ ಕಥೆಗೂ ಎಷ್ಟು ದೂರ ಇರಬಹುದು ಅನ್ನುವುದಕ್ಕೆ ಐರ್ಲೆಂಡಿನ ಮೇರಿಯನ್ ಕೀಸ್ ಒಳ್ಳೆಯ ಉದಾಹರಣೆ. ವಾಲ್ಶ್ ಅಕ್ಕತಂಗಿಯರ ಬಗ್ಗೆ ಅವರು ಬರೆದ ಸರಣಿಯ ಮೊದಲ ಪುಸ್ತಕ ‘ವಾಟರ್‌ಮೆಲನ್’ (1995). ಆಮೇಲೆ ಬಂದ ‘ರೇಚಲ್ಸ್ ಹಾಲಿಡೇ’ ಹೆಸರಲ್ಲಿ ರಜೆ ಇದೆ, ಕಥೆ ನಡೆಯುವುದು ಮಾದಕವ್ಯಸನದ ಚಿಕಿತ್ಸಾಕೇಂದ್ರದಲ್ಲಿ. ಅದೇ ಮನೆಯ ಇನ್ನೊಬ್ಬ ಮಗಳ ಕಥೆಯಾದ ‘ಎನಿಬಡಿ ಔಟ್ ದೇರ್?’ (2006) ಸಾವಿನ ದುಃಖದ ಸುತ್ತ ಕಟ್ಟಿದ್ದು. ಎರಡೂ ನಗಿಸುತ್ತವೆ, ಎರಡೂ ಒಳ್ಳೆಯ ಪುಸ್ತಕಗಳೇ. ಆದರೆ ಮನೆಯಲ್ಲಿ ಸಾವಾಗಿ ತಿಂಗಳಾಗಿಲ್ಲದವರ ಕೈಗೆ ‘ಎನಿಬಡಿ ಔಟ್ ದೇರ್?’ ಅನ್ನು ‘ಹಗುರವಾಗಿದೆ, ಓದಿ’ ಎಂದು ಕೊಡಬಾರದು. ಹಾಗೆಯೇ ಎಮಿಲಿ ಹೆನ್ರಿಯ ‘ಬೀಚ್ ರೀಡ್’ (2020). ಹೆಸರೇ ಸಮುದ್ರ ತೀರದ ಓದು, ನಾಯಕಿ ಮಾತ್ರ ತೀರಿಹೋದ ಅಪ್ಪನ ಗುಟ್ಟನ್ನು ಹೊತ್ತು ತಿರುಗುತ್ತಿರುತ್ತಾಳೆ.

ಸರಣಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹೆಲೆನ್ ಫೀಲ್ಡಿಂಗ್ ಅವರ ಬ್ರಿಜೆಟ್ ಜೋನ್ಸ್ 1995ರಲ್ಲಿ ಲಂಡನ್ನಿನ ‘ದಿ ಇಂಡಿಪೆಂಡೆಂಟ್’ ಪತ್ರಿಕೆಯ ಅಂಕಣವಾಗಿ ಹುಟ್ಟಿ, 1996ರಲ್ಲಿ ಪುಸ್ತಕವಾದವಳು. ಮೊದಲ ಪುಸ್ತಕ ಓದಿ ನಕ್ಕವರು ಅದೇ ಭರವಸೆಯಲ್ಲಿ 2013ರ ‘ಮ್ಯಾಡ್ ಅಬೌಟ್ ದಿ ಬಾಯ್’ ತೆಗೆದರೆ (ಗುಟ್ಟು ಬೇಡದವರು ಈ ವಾಕ್ಯ ಬಿಟ್ಟು ಮುಂದೆ ಹೋಗಿ) ನಾಯಕ ಆಗಲೇ ಸತ್ತಿರುತ್ತಾನೆ, ಬ್ರಿಜೆಟ್ ಎರಡು ಮಕ್ಕಳ ವಿಧವೆ. ಒಂದು ಸರಣಿಯ ಮೊದಲ ಪುಸ್ತಕ ಹಗುರವಾಗಿತ್ತೆಂದು ಮೂರನೆಯದೂ ಹಾಗೇ ಇರುತ್ತದೆಂದು ಲೆಕ್ಕ ಹಾಕುವಂತಿಲ್ಲ. ಪ್ರತಿ ಪುಸ್ತಕವನ್ನೂ ಹೊಸದಾಗಿ ಪರೀಕ್ಷಿಸುತ್ತೇನೆ.

ಅಂಗಡಿಯಲ್ಲಿ ಮೊದಲು ತೆರೆಯುವುದು ಹಕ್ಕುಸ್ವಾಮ್ಯದ ಪುಟ. ಅಲ್ಲಿ ಎರಡು ಸಂಗತಿ ಸಿಗುತ್ತವೆ. ಒಂದು, ಮೊದಲು ಪ್ರಕಟವಾದ ವರ್ಷ. ಹೊಸ ಮುಖಪುಟ ಹೊದ್ದ ಹಳೆಯ ಪುಸ್ತಕಗಳು ಬಹಳ. 2007ಕ್ಕೆ ಮುಂಚಿನದಾದರೆ ಈಗಿನಂಥ ಸ್ಮಾರ್ಟ್‌ಫೋನ್ ಇರುವುದಿಲ್ಲ. ಲ್ಯಾಂಡ್‌ಲೈನಿನಲ್ಲಿ ಬಿಟ್ಟ ಸಂದೇಶ ಕೇಳಿಸಿಕೊಳ್ಳಲಿಲ್ಲ ಅನ್ನುವುದರ ಮೇಲೆ ನೂರು ಪುಟದ ತಪ್ಪುತಿಳಿವಳಿಕೆ ನಿಂತಿರುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು 90ರ ದಶಕದ ಪುಸ್ತಕಗಳಲ್ಲಿ ನಾಯಕಿ ದಿನಾ ತೂಕ ನೋಡಿಕೊಂಡು ಕೊರಗುವುದಕ್ಕೆ. ಆ ತಮಾಷೆ ಈಗ ಕೆಲವರಿಗೆ ಚುಚ್ಚುತ್ತದೆ. ಅಂದಹಾಗೆ ಬ್ರಿಟನ್ನಿನ ಪುಸ್ತಕಗಳಲ್ಲಿ ತೂಕ ‘ಸ್ಟೋನ್’ ಲೆಕ್ಕದಲ್ಲಿರುತ್ತದೆ, ಒಂದು ಸ್ಟೋನ್ ಅಂದರೆ ಸುಮಾರು 6.35 ಕೆಜಿ. ಇದು ಗೊತ್ತಿಲ್ಲದಿದ್ದರೆ ಜೋಕು ತಲೆಯ ಮೇಲೆ ಹಾರಿಹೋಗುತ್ತದೆ.

ಎರಡನೆಯದು, ಬೇರೆ ದೇಶದಲ್ಲಿ ಬೇರೆ ಹೆಸರು ಇದೆಯೇ ಅನ್ನುವುದು. ಸೋಫಿ ಕಿನ್ಸೆಲ್ಲಾ ಅವರ 2000ದ ‘ದಿ ಸೀಕ್ರೆಟ್ ಡ್ರೀಮ್‌ವರ್ಲ್ಡ್ ಆಫ್ ಎ ಶಾಪಹಾಲಿಕ್’ ಅಮೆರಿಕದಲ್ಲಿ ‘ಕನ್‌ಫೆಶನ್ಸ್ ಆಫ್ ಎ ಶಾಪಹಾಲಿಕ್’ ಆಯಿತು. ಹಳೆ ಪುಸ್ತಕದಂಗಡಿಯಲ್ಲಿ ಎರಡೂ ಸಿಗುತ್ತವೆ, ಕೊಳ್ಳುವವರು ಎರಡು ಸಲ ಕೊಳ್ಳುತ್ತಾರೆ. ಇದೇ ಲೇಖಕಿಯ ನಿಜವಾದ ಹೆಸರು ಮ್ಯಾಡಲೀನ್ ವಿಕಮ್. ಆ ಹೆಸರಿನಲ್ಲಿ ಅವರು ಮೊದಲು ಬರೆದ ಕಾದಂಬರಿಗಳು ಬೇರೆಯೇ ಧಾಟಿಯವು: ಹಲವು ಪಾತ್ರಗಳು, ಹದಗೆಟ್ಟ ಸಂಸಾರಗಳು, ನಗು ಕಡಿಮೆ. ಮರುಮುದ್ರಣಗಳಲ್ಲಿ ಕಿನ್ಸೆಲ್ಲಾ ಹೆಸರೂ ಎದ್ದು ಕಾಣುವುದರಿಂದ ಬೇಸ್ತುಬೀಳುವುದು ಸುಲಭ. ವಿಕಮ್ ಎಂದು ಎಲ್ಲಾದರೂ ಕಂಡರೆ ಅದನ್ನು ನಗುವಿನ ಪಟ್ಟಿಯಿಂದ ತೆಗೆದು ಬೇರೆ ಪಟ್ಟಿಗೆ ಸೇರಿಸುತ್ತೇನೆ.

ಆಮೇಲೆ ಹದಿನೈದು ನಿಮಿಷದ ಓದು. ಮೊದಲ ಐದು ಪುಟ, ನಡುವಿನಲ್ಲಿ ಎಲ್ಲೋ ಮೂರು ಪುಟ. ಮೊದಲ ಐದು ಪುಟ ಎಲ್ಲರದೂ ಚೆನ್ನಾಗಿರುತ್ತದೆ, ಸಂಪಾದಕರು ಅದನ್ನು ಉಜ್ಜಿ ಉಜ್ಜಿ ಹೊಳಪು ಕೊಟ್ಟಿರುತ್ತಾರೆ. ಬಣ್ಣ ಬಯಲಾಗುವುದು ನಡುವಿನಲ್ಲಿ. ಅಲ್ಲಿ ನಾನು ಮೊದಲು ಹುಡುಕುವುದು ಮಾತುಕತೆಯನ್ನು. ತೆರೆದ ಎರಡು ಪುಟಗಳಲ್ಲಿ ಕಾಲು ಭಾಗವಾದರೂ ಸಂಭಾಷಣೆ ಇಲ್ಲದೆ ನಾಯಕಿಯ ಯೋಚನೆಯೇ ತುಂಬಿದ್ದರೆ, ಈ ಬಗೆಯ ಪುಸ್ತಕದಲ್ಲಿ ಅದು ಕೆಟ್ಟ ಲಕ್ಷಣ. ಗೆಳತಿ, ಅಮ್ಮ, ಮೇಲಧಿಕಾರಿ ಇವರ ಮಾತುಗಳನ್ನು ‘ಎಂದಳು’ ತೆಗೆದು ಓದಿದರೂ ಯಾರ ಮಾತೆಂದು ಗೊತ್ತಾಗುತ್ತದೆಯೇ ಅಂತಲೂ ನೋಡುತ್ತೇನೆ. ಎಲ್ಲರೂ ಒಂದೇ ಥರ ಚುರುಕಾಗಿ ಮಾತಾಡುತ್ತಿದ್ದರೆ ನೂರು ಪುಟ ದಾಟುವಷ್ಟರಲ್ಲಿ ಸುಸ್ತು. ನಗು ಯಾರ ಮೇಲೆ ಅನ್ನುವುದನ್ನೂ ಗಮನಿಸುತ್ತೇನೆ. ತನ್ನ ಮೇಲೆ ತಾನೇ ನಗುವವಳು 350 ಪುಟ ಬಾಳುತ್ತಾಳೆ; ದಪ್ಪಗಿರುವ ಸಹೋದ್ಯೋಗಿ, ಉಚ್ಚಾರ ಸರಿಯಿಲ್ಲದ ಕೆಲಸದಾಕೆ ಇವರ ಮೇಲೆ ನಗುವವಳು 50ನೇ ಪುಟಕ್ಕೇ ಬೇಜಾರು ಹಿಡಿಸುತ್ತಾಳೆ.

ಪತ್ರ, ಇಮೇಲ್, ಡೈರಿ, ಪಟ್ಟಿ ಇವು ನಡುನಡುವೆ ಬಂದರೆ ಓದು ಬೇಗ ಸಾಗುತ್ತದೆ. ಶಾಪಹಾಲಿಕ್ ಸರಣಿಯಲ್ಲಿ ಅಧ್ಯಾಯಗಳ ನಡುವೆ ಬ್ಯಾಂಕಿನ ಪತ್ರಗಳು ಬರುತ್ತವೆ. ಅಂಗಡಿಯಲ್ಲಿ ನಿಂತು ಅದರಲ್ಲೊಂದನ್ನು ಓದಿದರೆ ಆ ನಗು ನಮಗೆ ಹಿಡಿಸುತ್ತದೋ ಇಲ್ಲವೋ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಬ್ರಿಜೆಟ್ ಡೈರಿಯಲ್ಲಿ ‘ನಾನು’ ಅನ್ನುವುದನ್ನೇ ಹೆಚ್ಚುಕಡಿಮೆ ಬಿಟ್ಟು ತುಂಡು ವಾಕ್ಯಗಳಲ್ಲಿ ಬರೆದಿದೆ. ಶಾಲೆಯ ಇಂಗ್ಲಿಷ್ ವ್ಯಾಕರಣದ ಕಿವಿಗೆ ಮೊದಲು ಎಡವಿದಂತಾಗುತ್ತದೆ. ‘ಹೋದೆ, ತಿಂದೆ, ಮಲಗಿದೆ’ ಎಂದು ಕರ್ತೃವನ್ನು ಬಿಟ್ಟು ಮಾತಾಡುವ ನಮಗೆ ಹತ್ತು ಪುಟದಲ್ಲಿ ಅದು ಒಗ್ಗಿಹೋಗುತ್ತದೆ.

ಸುಖಾಂತ್ಯ ಬೇಕೇ ಬೇಕು ಅನ್ನುವವರು ಒಂದು ವ್ಯತ್ಯಾಸ ತಿಳಿದಿರಬೇಕು. ‘ರೊಮ್ಯಾನ್ಸ್’ ಎಂದು ವರ್ಗೀಕರಿಸಿದ ಪುಸ್ತಕದಲ್ಲಿ ಪ್ರೇಮಕಥೆ ನಡುವಿನಲ್ಲಿರಬೇಕು, ಕೊನೆ ಸಮಾಧಾನ ಕೊಡುವಂತಿರಬೇಕು. ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘದ ವ್ಯಾಖ್ಯೆಯೇ ಇದು. ‘ವಿಮೆನ್ಸ್ ಫಿಕ್ಷನ್’ ಅನ್ನುವುದಕ್ಕೆ ಅಂಥ ಕರಾರಿಲ್ಲ. ನಾಯಕಿ ಕೊನೆಗೆ ಒಬ್ಬಳೇ ಇರಬಹುದು, ಗಂಡನನ್ನು ಬಿಡಬಹುದು, ಗೆಳತಿಯೊಂದಿಗೆ ಬೇಕರಿ ತೆರೆಯಬಹುದು. ಆನ್‌ಲೈನ್ ಅಂಗಡಿಯಲ್ಲಿ ಪುಸ್ತಕದ ವಿವರದ ಕೆಳಗೆ ಯಾವ ವರ್ಗದಲ್ಲಿದೆ ಎಂದು ಬರೆದಿರುತ್ತದೆ, ಒಂದಕ್ಕಿಂತ ಹೆಚ್ಚು ವರ್ಗಗಳಲ್ಲೂ ಇರಬಹುದು.

ಓದುಗರ ಅಭಿಪ್ರಾಯಗಳಲ್ಲಿ ಐದು ನಕ್ಷತ್ರದವನ್ನೂ ಒಂದು ನಕ್ಷತ್ರದವನ್ನೂ ಬಿಡುತ್ತೇನೆ. ಓದುಗರು ಪುಸ್ತಕಗಳಿಗೆ ಅಂಕ ಕೊಡುವ ಗುಡ್‌ರೀಡ್ಸ್ ಜಾಲತಾಣದಲ್ಲಿ ಮೂರು ನಕ್ಷತ್ರ ಕೊಟ್ಟವರ ನಾಲ್ಕೈದು ಬರಹ ಸಾಕು. ಇಷ್ಟವಾಗಿದ್ದು, ಆಗದ್ದು ಎರಡನ್ನೂ ಅವರೇ ಹೇಳುವುದು. ಕೆಲವು ಮಾತುಗಳಿಗೆ ಒಳಅರ್ಥವಿದೆ. ‘ನಕ್ಕೂ ಅತ್ತೂ’ ಎಂದು ಹಲವರು ಬರೆದಿದ್ದರೆ ಯಾರೋ ಸಾಯುತ್ತಾರೆ ಎಂದೇ ಹಿಡಿಯಿರಿ. ‘ಮನ ಮುಟ್ಟುವ’ ಅಂದರೆ ಅಮ್ಮ ಮಗಳ ಹಳೆಯ ಜಗಳ. ‘ಸ್ಪೈಸಿ’ ಅಂದರೆ ಖಾರ ಅಡುಗೆಯದಲ್ಲ, ಮಲಗುವ ಕೋಣೆಯದು! ದಿ ಸ್ಟೋರಿಗ್ರಾಫ್ ಆ್ಯಪ್ ಈ ಕೆಲಸಕ್ಕೆ ಇನ್ನೂ ಅನುಕೂಲ. ಅಲ್ಲಿ ಓದುಗರು ಪುಸ್ತಕದ ಭಾವ ಯಾವುದೆಂದು ಗುರುತು ಹಾಕುತ್ತಾರೆ, ಹಗುರ ಮತ್ತು ತಮಾಷೆ ಎರಡಕ್ಕೂ ಬೇರೆಬೇರೆ ಗುರುತಿದೆ. ಹಿಂಸೆ, ಸಾವು, ಗರ್ಭಪಾತದಂಥ ವಿಷಯಗಳ ಎಚ್ಚರಿಕೆ ತೀವ್ರ, ಮಧ್ಯಮ, ಅಲ್ಪ ಎಂದು ಮೂರು ಹಂತಗಳಲ್ಲಿ ಸಿಗುತ್ತದೆ. ಎಚ್ಚರಿಕೆ ಓದಿದರೆ ಕಥೆಯ ಒಂದು ತಿರುವು ಗೊತ್ತಾಗಿಬಿಡಬಹುದು. ಹಗುರ ಓದಿಗೆ ಹೊರಟಾಗ ಆ ನಷ್ಟಕ್ಕೆ ನಾನು ತಯಾರು.

ಭಾರತದ ಇಂಗ್ಲಿಷ್ ಕಾದಂಬರಿಗಳಲ್ಲಿ ಈ ಬಗೆಗೆ ಅನುಜಾ ಚೌಹಾಣ್ ಬಿಟ್ಟು ಮಾತಾಡಲಾಗದು. ಜಾಹೀರಾತು ರಂಗದಿಂದ ಬಂದವರು, ಮಾತು ಬರೆಯುವ ಕೈ ಪಳಗಿದೆ. ‘ದಿ ಜೋಯಾ ಫ್ಯಾಕ್ಟರ್’ (2008) ಕ್ರಿಕೆಟ್ ತಂಡಕ್ಕೆ ಅದೃಷ್ಟದೇವತೆಯಾಗುವ ಹುಡುಗಿಯ ಕಥೆ, ಕ್ರಿಕೆಟ್ ಗೊತ್ತಿದ್ದರೆ ನಗು ಇಮ್ಮಡಿ. ತೊಡಕು ಭಾಷೆಯದು. ಅರ್ಧ ಜೋಕುಗಳು ದಿಲ್ಲಿಯ ಹಿಂದಿಯಲ್ಲಿವೆ, ಕೆಳಗೆ ಅರ್ಥ ಕೊಟ್ಟಿರುವುದಿಲ್ಲ. ಹಿಂದಿ ಸಿನಿಮಾ ನೋಡಿ ರೂಢಿಯಿರುವವರಿಗೆ ಸಲೀಸು. ಇಲ್ಲದವರು ಮಾದರಿ ಅಧ್ಯಾಯ ಓದಿಯೇ ಕೊಳ್ಳಲಿ. ‘ದೋಸ್ ಪ್ರೈಸಿ ಠಾಕುರ್ ಗರ್ಲ್ಸ್’ (2013) ಐದು ಅಕ್ಕತಂಗಿಯರ ಮನೆ. ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಇರುವುದರಿಂದ ಯಾರು ಹಿರಿಯರು ಎಂದು ನೆನಪಿಡುವುದು ಸುಲಭ. ಮುಂದಿನ ತಲೆಮಾರಿನ ‘ದಿ ಹೌಸ್ ದಟ್ ಬಿಜೆ ಬಿಲ್ಟ್’ ಅನ್ನು ಇದಾದ ಮೇಲೆಯೇ ಓದಬೇಕು.

ಕನ್ನಡದಲ್ಲಿ ಹುಡುಕುವ ದಾರಿ ಬೇರೆ. ಜನಪ್ರಿಯ ಕಾದಂಬರಿಗಳಲ್ಲಿ ಬಹಳಷ್ಟು ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದವು. ಮುಂದಿನ ವಾರಕ್ಕೆ ಓದುಗರನ್ನು ಎಳೆಯಬೇಕಾದ್ದರಿಂದ ಪ್ರತಿ ಕಂತೂ ಒಂದು ಆಘಾತದಲ್ಲಿ ನಿಲ್ಲುತ್ತದೆ. ಪುಸ್ತಕವಾಗಿ ಒಟ್ಟಿಗೆ ಓದಿದಾಗ ಆಘಾತಗಳ ಮಳೆ. ಹೆಸರಿನಲ್ಲಿ ಬೆಳದಿಂಗಳೋ ಮಲ್ಲಿಗೆಯೋ ಇದ್ದ ಮಾತ್ರಕ್ಕೆ ಹಗುರ ಎಂದುಕೊಳ್ಳಬಾರದು. ಮೂರು ಅಧ್ಯಾಯಗಳ ಕೊನೆಯ ಸಾಲು ಮಾತ್ರ ಓದಿ ನೋಡುತ್ತೇನೆ. ಮೂರರಲ್ಲೂ ಯಾರಾದರೂ ಕುಸಿದು ಬಿದ್ದರೆ ಪುಸ್ತಕ ಕಪಾಟಿಗೆ ವಾಪಸ್. ಬೆನ್ನುಡಿಯಲ್ಲಿ ಕಥೆಗಿಂತ ಹೊಗಳಿಕೆಯೇ ಹೆಚ್ಚು, ಮುನ್ನುಡಿ ಕಥೆಯನ್ನು ಪೂರ್ತಿ ಹೇಳಿಬಿಡುವುದುಂಟು; ಎರಡನ್ನೂ ಕೊನೆಗೆ ಓದುವುದು ವಾಸಿ. ನಮ್ಮಲ್ಲಿ ಹೆಂಗಸರ ನಿಜವಾದ ತಿಳಿಹಾಸ್ಯ ಕಾದಂಬರಿಗಿಂತ ಲಘುಬರಹದಲ್ಲೇ ಹೆಚ್ಚು ಸಿಗುತ್ತದೆ. 1942ರಲ್ಲಿ ರಾಶಿ (ಡಾ. ಎಂ. ಶಿವರಾಂ) ಶುರುಮಾಡಿದ ಹಾಸ್ಯಪತ್ರಿಕೆ ‘ಕೊರವಂಜಿ’ಯಲ್ಲಿ ಬರೆದ ಟಿ. ಸುನಂದಮ್ಮ, ನಂತರದ ತಲೆಮಾರಿನ ಭುವನೇಶ್ವರಿ ಹೆಗಡೆ ಇವರ ಸಂಕಲನಗಳಲ್ಲಿ ಒಂದೊಂದು ಬರಹ ನಾಲ್ಕೈದು ಪುಟ, ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಮುಗಿಯುತ್ತದೆ.

ಫುಟ್‌ಪಾತಿನಲ್ಲಿ ಕೊಳ್ಳುವಾಗ ನಕಲಿ ಪ್ರತಿಯ ಕಾಟವಿದೆ. ಅಕ್ಷರ ಬೂದುಬಣ್ಣಕ್ಕಿದ್ದು, ಅಂಚಿನ ಜಾಗ ಒಂದು ಪುಟದಿಂದ ಇನ್ನೊಂದಕ್ಕೆ ಏರುಪೇರಾಗಿದ್ದರೆ ಅನುಮಾನ ಪಡಬೇಕು. ಪುಸ್ತಕದ ಹಾಳೆಗಳನ್ನು 16 ಅಥವಾ 32 ಪುಟಗಳ ಕಟ್ಟುಗಳಾಗಿ ಮಡಚಿ ಜೋಡಿಸುತ್ತಾರೆ, ತಪ್ಪಿದರೆ ಒಂದು ಕಟ್ಟು ಪೂರ್ತಿ ಮಾಯವಾಗುತ್ತದೆ ಇಲ್ಲವೇ ಎರಡು ಸಲ ಬರುತ್ತದೆ. ಹಣ ಕೊಡುವ ಮುಂಚೆ ಪುಟಸಂಖ್ಯೆಗಳ ಮೇಲೆ ಬೆರಳು ಓಡಿಸಿದರೆ ಸಾಕು. ಬೆಂಗಳೂರಿನವರಿಗೆ ಚರ್ಚ್ ಸ್ಟ್ರೀಟ್‌ನ ಬ್ಲಾಸಮ್, ಬುಕ್‌ವರ್ಮ್ ಅಂಗಡಿಗಳಲ್ಲಿ ಹಳೆಯ ಅಸಲಿ ಪ್ರತಿಗಳೇ ಸಿಗುವಾಗ ಈ ಪಾಡು ಬೇಕಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಕೆಲವು ಕೈಕೊಡುತ್ತವೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಗ್ರಂಥಪಾಲಕಿಯಾಗಿದ್ದ ನ್ಯಾನ್ಸಿ ಪರ್ಲ್ ಹೇಳಿದ ಲೆಕ್ಕ ಉಪಯೋಗಕ್ಕೆ ಬರುತ್ತದೆ: ವಯಸ್ಸು 50ರವರೆಗೆ ಇದ್ದರೆ 50 ಪುಟ ಓದಿ, ಹಿಡಿಸದಿದ್ದರೆ ಬಿಡಿ. ಅದಕ್ಕೂ ದೊಡ್ಡವರು 100ರಿಂದ ತಮ್ಮ ವಯಸ್ಸನ್ನು ಕಳೆಯಬೇಕು. 62 ವರ್ಷದವರಿಗೆ 38 ಪುಟ. ಹಗುರ ಪುಸ್ತಕಕ್ಕೆ ನಾನು ಇದನ್ನೂ ಬಿಗಿ ಮಾಡಿ, ವಯಸ್ಸು ಎಷ್ಟೇ ಇರಲಿ 30 ಪುಟಕ್ಕೆ ನಿಲ್ಲಿಸುತ್ತೇನೆ. ಅಷ್ಟರಲ್ಲಿ ಒಮ್ಮೆಯೂ ತುಟಿ ಅರಳದಿದ್ದರೆ 300ನೇ ಪುಟದಲ್ಲಿ ಅರಳುವುದು ಕಷ್ಟ.

ಓದಿ ಮುಗಿಸಿದ ಪ್ರತಿಯ ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ಮೂರು ವಿಷಯ ಗುರುತು ಮಾಡುತ್ತೇನೆ: ಸಾವು ಇದೆಯೇ, ಮಲಗುವ ಕೋಣೆಯ ದೃಶ್ಯ ಎಷ್ಟು ಬಿಚ್ಚು, ನಗು ಯಾವ ಪುಟದಲ್ಲಿ ಮೊದಲು ಬಂತು. ಯಾರಾದರೂ ‘ಅತ್ತೆಗೆ ಓದೋಕೆ ಒಂದು ಪುಸ್ತಕ ಕೊಡಿ’ ಎಂದು ಕೇಳಿಕೊಂಡು ಬಂದಾಗ ಕಪಾಟಿನ ಮುಂದೆ ನಿಂತು ಯೋಚಿಸಬೇಕಾಗುವುದಿಲ್ಲ.